ಕಿಲ್ಲಾದ ಬಾಗಿಲಲ್ಲಿ ಬುತ್ತಿ ಕಾದದ್ದು

ಚಂಪಾಬಾಯಿ: ಶುಕ್ರವಾರ ಸಾಲಿಗಿ ಸುಟ್ಟಿ ಅಂತ ನಿಮಗ ಹೇಳಿದವರು ಯಾರು?

ನಾನು: ಯಾರೂ ಹೇಳಿಲ್ಲ. ಕೈ ತಾನೇ ಬರೀತು.

ಚಂಪಾಬಾಯಿ: ಕೈ ಬರಿಯೂ ಮುಂದ ತೆಲಿ ಎಲ್ಲಿ ಹೋಗಿತ್ತು?

ನಾನು: ಹದಿನೆಂಟು ವರ್ಷ ಶುಕ್ರವಾರ ಸುಟ್ಟಿ ತಿಂದ ಕೈ ಅದು. ಪೊಲೀಸ್ ಆ್ಯಕ್ಷನ್ ಆತು, ನಿಜಾಮನ ರಾಜ್ಯ ಹೋತು, ಸುಟ್ಟಿ ಆದಿತ್ಯವಾರಕ್ಕ ಹೋತು ಅಂತ ಅದಕ್ಕಿನ್ನಾ ಸುದ್ದಿ ಮುಟ್ಟಿಲ್ಲ.

ಚಂಪಾಬಾಯಿ ನನ್ನ ಹೆಂಡತಿ. ನಾನು ಉದಗೀರದ ಸಾಲೆಯಲ್ಲಿ ಇತಿಹಾಸದ ಮಾಸ್ತರ. ಅಂದು ಗುರುವಾರ. ನಿಲಂಗದಿಂದ ನನ್ನ ಸಡ್ಡಕ, ಚಂಪಾಬಾಯಿಯ ತಂಗಿ ಸುಗಂಧಾಳ ಗಂಡ ಮನ್ಮಥಪ್ಪನ ಕಾರ್ಡು ಬಂದಿತ್ತು. ‘ನೀವು ಬರೆದಂತೆ ಶುಕ್ರವಾರ ರಜೆಯಾದ್ದರಿಂದ ಗುರುವಾರ ಸಂಜೆಯ ಮೋಟಾರಿಗೆ ಮಕ್ಕಳ ಸಮೇತ ಬರುತ್ತೇವೆ. ಶನಿವಾರ ಸಂಜೆ ಹೊರಡಲೇಬೇಕು.’ ಕಾರ್ಡನ್ನು ಗಟ್ಟಿಯಾಗಿ ಓದಿದವನು ನಾನು. ತಪ್ಪು ಸಿಕ್ಕಿದ್ದು ಮಾತ್ರ ಆಕೆಗೆ.

ಚಂಪಾಬಾಯಿ: ನಾಳಿಗಿ ರಜಾ ಹಾಕ್ರಿ.

ನಾನು: ಹೊಸಾ ಹೆಡ್‌ಮಾಸ್ತರ ಬಂದಾರ. ಮಾಸ್ತರರು ರಜಾ ಹಾಕಬಾರದು ಅಂತ ಮೊನ್ನೆ ಸಭಾದಾಗ ಭಾಷಣ ಆಗ್ಯಾದ.

ಚಂಪಾಬಾಯಿ: ಅವರು ಮಾಡಿದ್ರ ಮಾಡ್ಲಿ.

ನಾನು: ಮಾಡಿದಂವಾ ನಾನು.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೊಮ್ಮೆ ನೋಡಿ, ಮತ್ತೆ ಬಡಿಯತೊಡಗಿದಳು.

ಚಂಪಾಬಾಯಿ: ಹಂಗಾದ್ರ ನಾನೇ ಊರು ತೋರಸ್ತೀನಿ ಬಿಡ್ರಿ.

ನಾನು: ನೀನು? ಹೋದ ದೀಪಾವಳಿಗಿ ಮನ್ಮಥಪ್ಪ ಎರಡು ದಿನ ನಿಲಂಗ ತೋರಿಸಿದ್ದು ಮರತಿ ಏನು? ನೀಲಕಂಠೇಶ್ವರ ಗುಡಿಯ ಒಂದೊಂದು ಕಂಬಕ್ಕ ಒಂದೊಂದು ಕತಿ ಹೇಳಿ, ಕಡೀಕ ಮೋಟಾರ ಹತ್ತಿಸೂ ಮುಂದ ಏನಂದ? ‘ಉದಗೀರದಾಗ ನೋಡ್ಲಿಕ್ಕಿ ಏನದ ಮಾಸ್ತರ್ರ’ ಅಂದ. ಆ ಮಾತು ಇನ್ನಾ ಗಂಟಲದಾಗ ಕೂತದ. ಈ ಸಲ ಹೆಸರು ಹೋದ್ರ ಸಾಯೂ ತನಕ ಅಂವಾ ಅದನ್ನ ಬಿಡೂದಿಲ್ಲ.

ಚಂಪಾಬಾಯಿ: ಅದಕ್ಕs ತೋರಸ್ತೀನಿ ಅಂದೆ.

ನಾನು: ಹಂಗಾದ್ರ ನಾ ಬರಕೊಡ್ತೀನಿ, ಬಾಯಿಪಾಠ ಮಾಡು. ಮೊದಲನೇ ತಾಸು, ಕಿಲ್ಲಾ. ದೊಡ್ಡ ದರ್ವಾಜಾದಾಗ ನಿಂದ್ರಬೇಕು. ಮರಾಠ್ಯಾರು, ನಿಜಾಮನೋರು ಲಡಾಯಿ ಮಾಡಿದ್ದು ಹೇಳಬೇಕು. ಹಳೇ ಪುಸ್ತಕದಾಗ ಆ ಲಡಾಯಿ ಒಂದು ಸಾಲು ಇತ್ತು, ಹೊಸಾ ಪುಸ್ತಕದಾಗ ಎರಡು ಪುಟ ಅದ. ನೀ ಒಂದು ಪುಟ ಹೇಳು, ಸಾಕು.

ಚಂಪಾಬಾಯಿ: ಆಮ್ಯಾಲೆ?

ನಾನು: ಆಮ್ಯಾಲೆ ಎರಡನೇ ತಾಸು.

ಚಂಪಾಬಾಯಿ: ಒಳಗ ಹೋಗೂದಿಲ್ಲ?

ನಾನು: ಹೋಗ್ರಿ, ಯಾರು ಬ್ಯಾಡ ಅಂದ್ರು.

ಚಂಪಾಬಾಯಿ: ಒಳಗ ಬಾವಿ ಯಾವ ಕಡಿ ಅದ? ಎಡಕ್ಕೋ ಬಲಕ್ಕೋ?

ನಾನು: ಬಾವಿ ಅಂದ್ರ ನೀರ ಇದ್ದಲ್ಲಿ ಇರ್ತದ.

ಚಂಪಾಬಾಯಿ: ನೀವು ಕಿಲ್ಲಾದ ಒಳಗ ಹೋಗೇ ಇಲ್ಲ.

ನಾನು: ಪ್ರತಿ ವರ್ಷ ಹುಡುಗೂರನ್ನ ಕರಕೊಂಡು ಹೋಗ್ತೀನಿ.

ಚಂಪಾಬಾಯಿ: ಎಲ್ಲಿ ತನಕ?

ನಾನು: ದರ್ವಾಜಾದ ತನಕ. ಪಾಠ ಹೇಳ್ತೀನಿ, ಹುಡುಗೂರು ಒಳಗ ಹೋಗ್ತಾವ. ಅವರ ಬುತ್ತಿ ಕಾಯವ್ರು ಯಾರು? ಅಲ್ಲಿ ಮಂಗ್ಯಾ ಭಾಳ ಅವ.

ಚಂಪಾಬಾಯಿ: ಹದಿನೆಂಟು ವರ್ಷ ಬುತ್ತಿ ಕಾದೀರಿ.

ನಾನು: ಒಂದು ರೊಟ್ಟಿ ಕಡಿಮಿ ಆಗಿಲ್ಲ. ಅದಿರ್ಲಿ, ನಿನಗ ಒಳಗಿಂದು ಹ್ಯಾಂಗ ಗೊತ್ತು?

ಚಂಪಾಬಾಯಿ: ಪ್ರತಿ ಸೋಮವಾರ ಮಗ್ಗಲ ಮನಿ ಮಲಕಮ್ಮನ ಜೋಡಿ ಉದಗೀರ ಬಾಬಾನ ಸಮಾಧಿಗಿ ಹೋಗ್ತೀನಲ್ಲ. ಅದು ಕಿಲ್ಲಾದ ಒಳಗs ಅದ.

ನಾನು: ಸೋಮವಾರ ಮಠಕ್ಕ ಹೋಗ್ತಿ ಅಂತ ತಿಳದಿದ್ದೆ.

ಚಂಪಾಬಾಯಿ: ಎಲ್ಲಿಗಿ ಹೋಗ್ತಿ ಅಂತ ಒಂದು ಸಲ ಕೇಳೀರೇನು?

ಕೇಳಿರಲಿಲ್ಲ. ಸಂಜೆ ನಿಲಂಗದ ಬೀಗರು ಬಂದರು. ಮರುದಿನ ಸಾಲೆಯಿದೆ ಎಂಬ ಮಾತನ್ನು ನಾನು ಎತ್ತಲಿಲ್ಲ. ‘ಮುಂಜಾನೆ ನೀವು ನಡೀರಿ, ನಾ ಅಲ್ಲೇ ಕೂಡಿಕೋತೀನಿ’ ಎಂದಷ್ಟೇ ಹೇಳಿದೆ. ಬೆಳಿಗ್ಗೆ ಸಾಲೆಯಲ್ಲಿ ಹೆಡ್‌ಮಾಸ್ತರರನ್ನು ಕಾಡಿ ಬೇಡಿ, ಆರನೆಯ ಇಯತ್ತೆಯ ಮಕ್ಕಳನ್ನು ಎರಡು ತಾಸಿನ ಇತಿಹಾಸ ಸಹಲಿಗೆ, ಕಿಲ್ಲಾ ನೋಡಲು, ಕರೆದೊಯ್ಯುವ ಹುಕುಂ ಪಡೆದೆ. ಹೀಗೆ, ಬೀಗರು ಕಿಲ್ಲಾದ ಬಾಗಿಲಿಗೆ ಬರುವ ಹೊತ್ತಿಗೆ ನಾನು ಕೋಲು ಹಿಡಿದು ಅಲ್ಲಿ ನಿಂತಿದ್ದೆ. ಪಾಠ ಹೇಳಿದೆ. ಎರಡು ಪುಟವನ್ನು ನಾಲ್ಕು ಮಾಡಿ ಹೇಳಿದೆ. ಮುಗಿದೊಡನೆ ಸಾಲೆಯ ಮಕ್ಕಳು ಒಳಗೆ ಓಡಿದರು.

ಮನ್ಮಥಪ್ಪ: ಫಾರ್ ಛಾನ್, ಭಾಳ ಛಲೋ ಹೇಳಿದ್ರಿ ಮಾಸ್ತರ್ರ. ಹಾಂ, ಈಗ ಒಳಗ ನಡೀರಿ, ಲಡಾಯಿ ನಡದ ಜಾಗಾ ತೋರಸ್ರಿ.

ನಾನು ಹಿಂದೆ ಮುಂದೆ ನೋಡಿದೆ. ಎರಡೇ ತಾಸಿನ ಸಹಲು. ಮಕ್ಕಳು ಬುತ್ತಿ ತಂದಿರಲಿಲ್ಲ. ಕಾಯಲು ಏನೂ ಇರಲಿಲ್ಲ. ಆಗ ಚಂಪಾಬಾಯಿ ತನ್ನ ಕಂಕುಳಲ್ಲಿದ್ದ ಹೋಳಿಗೆಯ ಗಂಟನ್ನು ನನ್ನ ಪಕ್ಕದ ಕಲ್ಲಿನ ಮೇಲೆ ಮೆಲ್ಲಗೆ ಇಟ್ಟಳು.

ಚಂಪಾಬಾಯಿ: ಅವರು ಬರೂದಿಲ್ಲ ಮನ್ಮಥಪ್ಪನೋರ. ಇಲ್ಲಿ ಮಂಗ್ಯಾ ಭಾಳ. ಬುತ್ತಿ ಕಾಯ್ಲಿಕ್ಕಿ ಶಾಣ್ಯಾ ಮನಷಾ ಬೇಕು.

ಮನ್ಮಥಪ್ಪ: ಹಂಗಾದ್ರ ನಾನೂ ಕೂಡ್ತೀನಿ, ಅಕ್ಕಾರ. ನೀವು ನಿಮ್ಮ ತಂಗೀನ್ನ ಕರಕೊಂಡು ಹೋಗ್ರಿ.

ಅಕ್ಕ ತಂಗಿಯರು ಸುಗಂಧಾಳ ಮಕ್ಕಳೊಡನೆ ಒಳಗೆ ಹೋದರು. ‘ಸುಗಂಧಾ, ಇದು ಕುದರಿ ಲಾಯ, ಆ ಕಡಿ ಬಾವಿ’ ಎಂಬ ಚಂಪಾಬಾಯಿಯ ದನಿ ಬರಬರುತ್ತಾ ದೂರವಾಯಿತು. ಹೆಂಡತಿ ಉಳಿಸಿಕೊಟ್ಟ ಮಾನವನ್ನು ಇಟ್ಟುಕೊಳ್ಳಲು ನನಗೇ ನಾಚಿಕೆಯಾಯಿತು.

ನಾನು: ಮನ್ಮಥಪ್ಪ, ಒಂದು ಮಾತು ಹೇಳ್ತೀನಿ, ನಿಲಂಗದಾಗ ಯಾರಿಗೂ ಹೇಳಬ್ಯಾಡ. ನಾ ಇದರ ಒಳಗ ಹೋಗೇ ಇಲ್ಲ. ಮೊದಲನೇ ವರ್ಷ ಒಂದು ಹೆಜ್ಜಿ ಇಟ್ಟಿದ್ದೆ. ಕತ್ತಲಾಗ ಬಾವಲಿ ಮಾರಿಗಿ ಬಡೀತು. ಅವತ್ತಿಂದ ಬುತ್ತಿ ಕಾಯೂದೇ ಛಲೋ ಅನಸ್ತು.

ಅವನು ನಗುತ್ತಾನೆಂದು ಕಾದೆ. ನಗಲಿಲ್ಲ. ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

ಮನ್ಮಥಪ್ಪ: ನೀಲಕಂಠೇಶ್ವರನ ಗುಡಿಯಾಗ ಕಂಬದ ಕತಿ ಹೇಳಿದ್ನಲ್ಲ?

ನಾನು: ಹೇಳಿದ್ದಿ. ಹನ್ನೊಂದು ಕಂಬ. ಎಣಿಸೀನಿ.

ಮನ್ಮಥಪ್ಪ: ಸುಗಂಧಾ ನಾಲ್ಕು ದಿನ ಬಾಯಿಪಾಠ ಮಾಡಿಸಿದ್ಳು. ಅಂಗಡಿ ಬಿಟ್ಟು ಆ ಗುಡಿಗಿ ನಾ ಯಾವಾಗ ಹೋಗ್ಲಿ? ಅವತ್ತು ನಿಮ್ಮ ಜೋಡಿ ಬಂದೆನಲ್ಲ, ಅದೇ ಮೊದಲು.

ನಾನು: ಹನ್ನೆರಡನೇ ಕಂಬಕ್ಕ ಯಾಕ ನಿಂತಿ?

ಮನ್ಮಥಪ್ಪ: ಅದಕ್ಕಿಂತ ಮುಂದ ಪಾಠ ಆಗಿರಲಿಲ್ಲ.

ನಾವಿಬ್ಬರೂ ಬಹಳ ಹೊತ್ತು ನಕ್ಕೆವು. ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು, ಕಣ್ಣು ಒರೆಸಿಕೊಂಡು, ಮತ್ತೆ ನಕ್ಕೆವು. ಅಷ್ಟರಲ್ಲಿ ಒಳಗಿನವರು ತಿರುಗಿ ಬಂದರು. ಸುಗಂಧಾಳ ಮುಖ ಅರಳಿತ್ತು.

ಸುಗಂಧಾ: ಅಕ್ಕ ಎಷ್ಟು ಛಂದ ತೋರಿಸಿದ್ಳು. ನಿಮ್ಮ ಉದಗೀರ ಭಾಳ ದೊಡ್ಡದದ ಬಿಡ್ರಿ, ಭಾವಾರ. ಮಕ್ಕಳಿಗಿ ಹಸಿವಾಗ್ಯಾದ, ಹೋಳಿಗಿ ಬಿಚ್ಚರಿ.

ನಾನು ಪಕ್ಕಕ್ಕೆ ಕೈ ಚಾಚಿದೆ. ಕಲ್ಲು ಸಿಕ್ಕಿತು. ಎಲ್ಲರೂ ಮೇಲೆ ನೋಡುತ್ತಿದ್ದರು, ನಾನೂ ನೋಡಿದೆ. ಬಾಗಿಲಿನ ಕಮಾನಿನ ಮೇಲೆ ಕೂತ ಮಂಗ ಕೊನೆಯ ಹೋಳಿಗೆಯನ್ನು ಮಡಿಸಿ ಬಾಯಿಗಿಟ್ಟುಕೊಂಡು, ಬಟ್ಟೆಯನ್ನು ನನ್ನ ಟೋಪಿಯ ಮೇಲೆ ಬಿಟ್ಟಿತು.

ಚಂಪಾಬಾಯಿ ಆ ಬಟ್ಟೆಯನ್ನು ತೆಗೆದು, ಝಾಡಿಸಿ, ನಾಲ್ಕು ಮಡಿಕೆ ಮಾಡಿದಳು.

ಚಂಪಾಬಾಯಿ: ಒಳಗಿಂದು ಹೋಗ್ಲಿ ಬಿಡ್ರಿ. ಹದಿನೆಂಟು ವರ್ಷ ಕೂತೀರಿ, ಹೊರಗಿಂದನ್ನಾದ್ರೂ ನೋಡಬೇಕಿತ್ತು.