ಸಿಡಿಯುವ ನಕ್ಷತ್ರದ ಹುಡುಗಿ

ಮುಕುಂದಯ್ಯ: ಸಿಡಿಯೋದು ಆಕಾಶದಲ್ಲಿರೋ ಆರಿದ್ರೆ ನಕ್ಷತ್ರ ಬೀಗ್ರೆ, ನಮ್ಮ ವೇದಾವತಿ ಅಲ್ಲ.

ಹೂವಯ್ಯ: ನಕ್ಷತ್ರವೇ ಹೋದ್ಮೇಲೆ ಹುಡುಗಿ ಜಾತಕದಲ್ಲಿ ಉಳಿಯಾದು ಎಂತದು?

ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಲೆಕ್ಚರರ್ ಆಗಿದ್ದ ಮುಕುಂದಯ್ಯನವರು ಅಂದು ಬೆಳಿಗ್ಗೆ ಸ್ವಂತ ಮನೆಯ ಜಗಲಿಯಲ್ಲೇ ಪರೀಕ್ಷೆಗೆ ಕೂತಿದ್ದರು. ಪರೀಕ್ಷಕರು ಹೂವಯ್ಯ, ಮಗಳ ಭಾವಿ ಮಾವ. ಅದು ಎಂಬತ್ತೇಳರ ಮಾರ್ಚ್. ದೊಡ್ಡ ನಕ್ಷತ್ರವೊಂದು ಸಿಡಿದ ಸುದ್ದಿ ಪೇಪರಿನಲ್ಲಿ ಬಂದದ್ದೇ ತಡ, ಮುಕುಂದಯ್ಯ ಊರಿಗೆಲ್ಲ ಭಾಷಣ ಕೊಟ್ಟಿದ್ದರು. ಯಾರೂ ಕೇಳದಿದ್ದರೂ, ಮುಂದೊಂದು ದಿನ ಸಿಡಿಯುವಂಥದ್ದು ಆರಿದ್ರೆ ಎಂದೂ ಸೇರಿಸಿದ್ದರು. ಮಗಳ ಜನ್ಮನಕ್ಷತ್ರ ಅದೇ ಎಂಬುದು ಅವರಿಗೆ ಮರೆತೇಹೋಗಿತ್ತು. ಲಗ್ನಪತ್ರಿಕೆ ಆಗಲೇ ಅಚ್ಚಾಗಿತ್ತು.

ಹೂವಯ್ಯ: ಸಿಡಿಯಾದು ಯಾವಾಗ?

ಮುಕುಂದಯ್ಯ: ನಾಳೆನೂ ಆಗಬಹುದು, ಲಕ್ಷ ವರ್ಷನೂ ಹಿಡಿಯಬಹುದು. ಈಗಾಗಲೇ ಸಿಡಿದಿದ್ರೂ ಬೆಳಕು ಇಲ್ಲಿಗೆ ಬರೋಕೆ ನೂರಾರು ವರ್ಷ ಬೇಕು.

ಹೂವಯ್ಯ: ಅಂದ್ರೆ ಸತ್ತ ನಕ್ಷತ್ರ ತೋರ್ಸಿ ಹೆಣ್ಣು ಕೊಡ್ತಿದೀರಿ. ಇರ್ಲಿ, ಭಾಷಣದಲ್ಲಿ ಎಂತದೋ ಗಾಮಾ ಅಂದ್ರಲ್ಲ, ಅದೆಂತದು?

ಮುಕುಂದಯ್ಯ: ಕಣ್ಣಿಗೆ ಕಾಣದ ಕಿರಣ. ಆಕಾಶದ ಎಲ್ಲೆಲ್ಲಿಂದಲೋ ಫಕ್ಕಂತ ಬಂದು ಹೋಗ್ತದೆ. ಬಾಂಬ್ ಪರೀಕ್ಷೆ ಪತ್ತೆ ಮಾಡೋಕೆ ಬಿಟ್ಟ ಉಪಗ್ರಹಕ್ಕೆ ಮೊದಲು ಸಿಕ್ಕಿದ್ದು. ದೊಡ್ಡ ನಕ್ಷತ್ರ ಸಿಡಿಯೋವಾಗ ಹೊರಡ್ತದೆ ಅಂತ ಕೆಲವರ ಗುಮಾನಿ. ಇನ್ನೂ ಖಚಿತ ಗೊತ್ತಿಲ್ಲ.

ಹೂವಯ್ಯ: ಗೊತ್ತಿಲ್ದಿದ್ನ ಮೈಕ್ ಹಿಡ್ಕಂಡು ಹೇಳಿದ್ರಾ? ನಮ್ಮ ಜೋಯಿಸ್ರು ಇವತ್ತಿನವರೆಗೆ ಒಂದು ಸಲನೂ ಗೊತ್ತಿಲ್ಲ ಅಂದವರಲ್ಲ.

ಮುಕುಂದಯ್ಯನವರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಹೆಣ್ಣು ಹೆತ್ತವರ ಸಿಟ್ಟಿಗೆ ನೆತ್ತಿಯಿಂದ ಮುಂದೆ ದಾರಿಯಿಲ್ಲ.

ಹೂವಯ್ಯ: ಮಳೆ ಕತೆ ಹೇಳಿ. ಮೃಗಶಿರೆ ಆದ್ಮೇಲೆ ನೇರ ಪುನರ್ವಸುವಾ? ನಾವು ಗದ್ದೆ ನಟ್ಟಿ ಯಾವಾಗ ಮಾಡಾದು?

ಮುಕುಂದಯ್ಯ: ಮಳೆ ಸುರಿಸೋದು ಮೋಡ ಮಾರಾಯ್ರೆ, ನಕ್ಷತ್ರ ಅಲ್ಲ.

ಹೂವಯ್ಯ: ಆರಿದ್ರೆ ಹೊಯ್ದರೆ ದರಿದ್ರ ಹೋಗುತ್ತೆ ಅಂತ ಹಿರಿಯರು ಸುಮ್ನೆ ಹೇಳಿದ್ರಾ? ಮನೆಗೆ ಬರೋ ಸೊಸೆ ದರಿದ್ರ ಕಳೀಬೇಕು, ಗಾಮಾ ತರಬಾರ್ದು. ಈ ಸಂಬಂಧ ಬ್ಯಾಡ.

ಒಳಗೆ ವೇದಾವತಿ ಬಿಕ್ಕಿದ್ದು ಜಗಲಿಗೂ ಕೇಳಿಸಿತು. ಹುಡುಗನನ್ನು ಅವಳು ಮನಸಾರೆ ಒಪ್ಪಿದ್ದಳು. ಅವಳ ತಾಯಿ ವರದಮ್ಮ ಕಾಫಿ ಹಿಡಿದು ಹೊರಗೆ ಬಂದರು.

ವರದಮ್ಮ: ತಗಳಿ ಅಣ್ಣಾ. ನಿಮ್ಮ ಮಗಂದು ಜ್ಯೇಷ್ಠಾ ನಕ್ಷತ್ರ ಅಲ್ವಾ? ರೀ, ಆ ಜ್ಯೇಷ್ಠೆ ಎಂಥದ್ದು?

ಮುಕುಂದಯ್ಯ: ಅದೂ ಇದೇ ಜಾತಿ. ಕೆಂಪಗೆ ಊದ್ಕೊಂಡಿದೆ. ಒಂದಿನ ಸಿಡಿಯೋದೇ.

ಹೂವಯ್ಯನವರ ಲೋಟ ತುಟಿಯ ಹತ್ತಿರವೇ ನಿಂತಿತು.

ವರದಮ್ಮ: ಹಂಗಾದ್ರೆ ಬ್ಯಾಡ ಬಿಡಿ. ನಮ್ಮ ಹುಡುಗಿ ನಮ್ಮ ಮನೇಲೇ ಇರ್ಲಿ. ಆದ್ರೆ ಪಾಪ, ನಿಮ್ಮ ಮಗನಿಗೆ ಇನ್ಯಾರು ಹೆಣ್ಣು ಕೊಡ್ತಾರೆ? ಇವರದ್ದು ಮುಂದಿನ ವಾರ ಹೊಸನಗರದಲ್ಲಿ ಭಾಷಣ, ಆಮೇಲೆ ಸಾಗರದಲ್ಲಿ. ಎರಡೂ ಕಡೆ ಜ್ಯೇಷ್ಠೆ ಬಗ್ಗೆನೇ.

ಮುಕುಂದಯ್ಯ: ನಂದಾ? ಯಾವ ಭಾಷಣ?

ವರದಮ್ಮ: ನೀವು ಸುಮ್ನಿರಿ.

ಹೂವಯ್ಯ ಲೋಟ ಕೆಳಗಿಟ್ಟು, ಹೆಗಲ ಟವೆಲಿನಿಂದ ಬೆವರೊರೆಸಿ, ಮುಕುಂದಯ್ಯನವರ ಪಕ್ಕಕ್ಕೇ ಸರಿದು ಕೂತರು.

ಹೂವಯ್ಯ: ಮೇಷ್ಟ್ರೇ, ನಿಮ್ಮ ಮನೆಯೋರಿಗೆ ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ. ಈ ಕಾಲದಲ್ಲೂ ನಕ್ಷತ್ರ ನೋಡ್ಕಂಡು ಮದುವೆ ನಿಲ್ಸಾದಾ? ಓದಿದವ್ರ ಮನೇಲೇ ಸೈನ್ಸ್ ಇಲ್ಲ ಅಂದ್ರೆ ನಮ್ಮಂಥೋರ ಗತಿ ಏನು?