ಕಾಪಿ ಹೊಡೆದ ಕ್ರಿಮಿ

ನಿದ್ದೆಗೆಟ್ಟವನು ಮಾತಾಡಬಾರದು; ಆಡಿದರೂ ಮೆಟ್ಟಿಲ ಮೇಲೆ ನಿಂತು ಆಡಬಾರದು; ಮೆಟ್ಟಿಲ ಮೇಲೇ ಆಡಿದರೂ ಹೆಡ್‌ಮಿಸ್ ಕಿವಿಗೆ ಬೀಳುವಂತೆ ಆಡಬಾರದು. ಆ ಬೆಳಿಗ್ಗೆ ಲ್ಯಾಬಣ್ಣ ಮೂರನ್ನೂ ಒಂದೇ ಉಸಿರಿನಲ್ಲಿ ಮಾಡಿ ಮುಗಿಸಿದ.

ಲ್ಯಾಬಣ್ಣ ಎನ್ನುವುದು ಕಟ್ಟಡದವರು ಇಟ್ಟ ಹೆಸರು. ಅವನಿಗೆ ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಕೆಲಸ. ರೋಗಿಗಳ ಮೈಯಿಂದ ಬಂದ ಕ್ರಿಮಿಗಳ ಜೀನೋಮನ್ನು ಯಂತ್ರದಿಂದ ಓದಿಸಬೇಕು. ಇದು ಯಾವ ವಂಶದ ಕ್ರಿಮಿ, ಯಾವ ಯಾವ ಔಷಧಿಗೆ ಬಗ್ಗುವುದಿಲ್ಲ ಎಂದು ಡಾಕ್ಟರಿಗೆ ತಿಳಿಸಬೇಕು. ಆ ವಾರ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಮಲಗಿದ್ದರು. ಭೇದಿ. ಡಾಕ್ಟರು ಕೊಟ್ಟ ಔಷಧಿಯನ್ನೆಲ್ಲ ಆ ಕ್ರಿಮಿ ಪೆಪ್ಪರಮಿಂಟಿನ ಹಾಗೆ ಚಪ್ಪರಿಸುತ್ತಿತ್ತು. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಾ ಲ್ಯಾಬಣ್ಣ ರಾತ್ರಿಪಾಳಿಯ ಮೇಲೆ ರಾತ್ರಿಪಾಳಿ ಮಾಡಿ, ಹಿಂಡಿ ಒಣಹಾಕುವುದನ್ನು ಮರೆತ ಬಟ್ಟೆಯಂತಾಗಿದ್ದ. ಆ ದಿನ ಮಾತ್ರ ರಜೆ.

"ಏನಪ್ಪಾ, ಸಿಕ್ತಾ ನಿನ್ನ ಕ್ರಿಮಿ?" ಎಂದರು ಮೆಟ್ಟಿಲಿಗೆ ಅಡ್ಡವಾಗಿ ನಿಂತಿದ್ದ ಹೆಡ್‌ಮಿಸ್. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಕಟ್ಟಡದ ಸಂಘಕ್ಕೆ ಅಧ್ಯಕ್ಷೆಯಾಗಿದ್ದರು. ಉತ್ತರ ಸಿಗದೆ ಅವರು ಜರುಗುವುದಿಲ್ಲ ಎಂದು ಲ್ಯಾಬಣ್ಣನಿಗೆ ಗೊತ್ತಿತ್ತು.

"ವಾರ್ಡಲ್ಲಿರೋದೂ ನಮ್ಮ ಬೀದಿ ಚರಂಡೀಲಿ ಸಿಕ್ಕಿರೋದೂ ಒಂದೇ ಮಿಸ್."

"ಒಂದೇ ಅಂತ ಹೇಗೆ ಹೇಳ್ತೀಯ?"

"ಪ್ರತಿ ಕ್ರಿಮಿಯೊಳಗೂ ಒಂದು ಉದ್ದ ಬರಹ ಇರತ್ತೆ. ಒಂದು ಎರಡಾಗೋವಾಗ ಅದನ್ನ ನಕಲು ಮಾಡ್ಕೊಳತ್ತೆ. ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪತ್ತೆ. ಎರಡು ಕಡೆ ಸಿಕ್ಕ ಕ್ರಿಮಿಗಳಲ್ಲಿ ಅದೇ ತಪ್ಪು ಅದೇ ಜಾಗದಲ್ಲಿದ್ರೆ..."

"ಕಾಪಿ!" ಹೆಡ್‌ಮಿಸ್ ಕಣ್ಣುಗಳು ಹೊತ್ತಿಕೊಂಡವು. ಪರೀಕ್ಷಾ ಕೊಠಡಿಯಲ್ಲಿ ಆಯುಸ್ಸು ಕಳೆದವರಿಗೆ ಜೀವವಿಜ್ಞಾನ ಇಷ್ಟು ಸುಲಭವಾಗಿ ಎಂದೂ ಅರ್ಥವಾಗಿರಲಿಲ್ಲ. "ಒಬ್ಬ ಬರೆದ, ಮಿಕ್ಕವ್ರು ನೋಡ್ಕೊಂಡ್ರು. ಆ ಮೊದಲನೇ ಕಳ್ಳ ನಮ್ಮ ಕಟ್ಟಡದಲ್ಲೇ ಕೂತಿದ್ದಾನೆ ಅನ್ನು!"

ಬೀದಿ ಎಂದರೆ ಕಟ್ಟಡವಲ್ಲ ಎಂದು ತಿದ್ದಬೇಕಿತ್ತು. ಹಾಸಿಗೆ ಮೇಲಿನ ಮಹಡಿಯಿಂದ ಕರೆಯುತ್ತಿತ್ತು. "ಇರಬಹುದು ಮಿಸ್" ಎಂದು ಹೇಳಿ ಲ್ಯಾಬಣ್ಣ ಅವರನ್ನು ಬಳಸಿಕೊಂಡು ಮೇಲೆ ಹೋದ.

ಅವನು ಬೂಟು ಬಿಚ್ಚಿ ದಿಂಬಿಗೆ ತಲೆಕೊಡುವಷ್ಟರಲ್ಲಿ ಸುದ್ದಿ ಎಲ್ಲ ಮಹಡಿಗಳನ್ನೂ ಸುತ್ತಿ ಬಂದಿತ್ತು. ಬಾಗಿಲು ಬಡಿದವನು ಎದುರುಮನೆಯ ಟೈಲರ್. ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ಪಿಸುಗುಟ್ಟಿದ.

"ಅಣ್ಣಾ, ನಮ್ಮನೇಲಿ ಯಾರಿಗೂ ಏನೂ ಆಗಿಲ್ಲ. ಆಗಿದ್ರೂ ಎರಡೇ ದಿನ. ಮನೇಲಿ ಉಳಿದಿದ್ದ ಮಾತ್ರೆ ಎರಡು ನುಂಗಿದ್ವಿ, ನಿಂತೋಯ್ತು. ಆದ್ರೆ ಕೆಳಗಿನ ಮನೆಯವರು ಒಂದು ವಾರದಿಂದ ಬಚ್ಚಲು ಬಿಟ್ಟು ಬಂದಿಲ್ಲ. ನಾ ಹೇಳ್ದೆ ಅನ್ಬೇಡಿ."

ಅವನು ಹೋದ ಮೇಲೆ ಕೆಳಗಿನ ಮನೆಯವರು ಬಂದು, ಏನಿದ್ದರೂ ಟೈಲರ್ ಮನೆಯದೇ ಎಂದರು. ಅವರ ಹಿಂದೆ ಮೂಲೆಮನೆಯವಳು. ಎಲ್ಲರ ಮನೆಯಲ್ಲೂ ಏನೂ ಆಗಿರಲಿಲ್ಲ, ಎಲ್ಲರೂ ಉಳಿದ ಮಾತ್ರೆ ನುಂಗಿದ್ದರು, ಎಲ್ಲರಿಗೂ ಪಕ್ಕದ ಮನೆಯ ಮೇಲೆ ಅನುಮಾನ. ಯಾರ ಬಾಯಲ್ಲೂ ಬಾರದ ಹೆಸರು ಒಂದೇ, ಉಕ್ಕಿನ ಮೇಷ್ಟ್ರದು. ಅವರು ಕೊನೆಯ ಮಹಡಿಯಲ್ಲಿದ್ದ ಹಳೆಯ ಡ್ರಿಲ್ ಮಾಸ್ತರು. ವಯಸ್ಸು ಎಪ್ಪತ್ತು ದಾಟಿದರೂ ನೆಗಡಿ ಕಂಡವರಲ್ಲ. ದಿನಾ ಬೆಳಿಗ್ಗೆ ತಾರಸಿಯ ಮೇಲೆ ಕಟ್ಟಡದವರಿಗೆಲ್ಲ ಕಸರತ್ತು ಮಾಡಿಸಿ, ಕೊನೆಗೆ ತಮ್ಮ ಕೈಯಾರೆ ಹಿಂಡಿದ ಹಣ್ಣಿನ ರಸ ಕೊಡುತ್ತಿದ್ದರು.

ಬಾಗಿಲು ಮತ್ತೆ ಬಡಿದಾಗ ಹೊರಗೆ ಹೆಡ್‌ಮಿಸ್ ಮುಂದಾಳತ್ವದಲ್ಲಿ ಇಡೀ ಸಂಘ ನಿಂತಿತ್ತು.

"ಹೆಸರು ಹೇಳ್ಬಿಡು. ಯಾರ ಮನೆ?"

ಲ್ಯಾಬಣ್ಣ ಗೋಡೆಗೆ ಒರಗಿದ. ಇವರನ್ನು ಸಾಗಹಾಕುವ ಒಂದು ಉಪಾಯ ಹೊಳೆಯಿತು. "ಹಾಗೆ ಹೇಳಕ್ಕಾಗಲ್ಲ ಮಿಸ್. ಪ್ರತಿ ಮನೆಯಿಂದ ಒಂದೊಂದು ಸ್ಯಾಂಪಲ್ ಬೇಕು. ಅದೇ... ಬೆಳಗಿನದು. ಡಬ್ಬೀಲಿ ಹಾಕಿ ಮನೆ ನಂಬರ್ ಬರೆದು ಕೊಟ್ರೆ, ವಾರ್ಡಿನ ಕ್ರಿಮಿ ಜೊತೆ ಹೋಲಿಸಿ ನೋಡಬಹುದು."

ಎಲ್ಲರೂ ಮುಖ ಮುಖ ನೋಡಿಕೊಂಡರು. ಮಾನಮರ್ಯಾದೆ ಇರುವ ಜನ, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡು ಅವನು ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸಿದ.

ಮಾನದ ಲೆಕ್ಕ ಉಲ್ಟಾ ಹೊಡೆದಿತ್ತು. ಡಬ್ಬಿ ಕೊಡದವನೇ ಕಳ್ಳ ಎಂದು ಹೆಡ್‌ಮಿಸ್ ಸಾರಿಬಿಟ್ಟಿದ್ದರು. ಹೆಂಡತಿ ಭುಜ ಅಲುಗಾಡಿಸಿ ಎಬ್ಬಿಸಿದಾಗ ಬಾಗಿಲ ಹೊರಗೆ ಜಾಮಿನ ಬಾಟಲಿ, ಪೌಡರಿನ ಡಬ್ಬ, ಟಿಫಿನ್ ಬಾಕ್ಸು ಮದುವೆಮನೆಯ ಉಡುಗೊರೆಗಳಂತೆ ಸಾಲಾಗಿ ಕೂತಿದ್ದವು. ಒಂದಕ್ಕೆ ಬಣ್ಣದ ರಿಬ್ಬನ್ ಬೇರೆ ಕಟ್ಟಿತ್ತು.

"ಇವನ್ನ ಇಲ್ಲಿಂದ ಎತ್ತಿ," ಎಂದಳು ಹೆಂಡತಿ ಮೂಗಿಗೆ ಬಟ್ಟೆ ಹಿಡಿದು. "ಇಲ್ಲಾಂದ್ರೆ ನಾನು ಅಮ್ಮನ ಮನೆಗೆ ಹೋಗ್ತೀನಿ. ನಮ್ಮನೇದೂ ಅದರಲ್ಲೇ ಇದೆ, ಇಟ್ಟಿದ್ದೀನಿ."

ಚೀಲದಲ್ಲಿ ತುಂಬಿ ಪ್ರಯೋಗಾಲಯದ ಕಸದ ಕೋಣೆಗೆ ಹಾಕಿ ಬಂದುಬಿಡೋಣ ಎಂದು ಲ್ಯಾಬಣ್ಣ ಹೊರಟ. ಬಸ್ಸಿನಲ್ಲಿ ಅವನ ಅಕ್ಕಪಕ್ಕದ ಸೀಟುಗಳು ತಾವಾಗಿಯೇ ಖಾಲಿಯಾದವು. ಅವನ ಗ್ರಹಚಾರಕ್ಕೆ ಪ್ರಯೋಗಾಲಯದ ಬಾಗಿಲಲ್ಲೇ ಮೇಡಂ ಎದುರಾದರು. ಅವರು ಅವನ ಮೇಲಧಿಕಾರಿ. ವಾರದಿಂದ ಮಂತ್ರಿಗಳ ಫೋನಿಗೆ ಉತ್ತರ ಕೊಟ್ಟು ಕೊಟ್ಟು ಅರ್ಧ ಇಳಿದುಹೋಗಿದ್ದರು.

"ರಜಾ ದಿನ ಯಾಕ್ರೀ ಬಂದ್ರಿ? ಚೀಲದಲ್ಲೇನು?"

ಸುಳ್ಳು ಹೇಳಲು ಬೇಕಾಗುವ ಚೈತನ್ಯ ಅವನಲ್ಲಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೇಡಂ ಚೀಲವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡರು.

"ಒಂದು ಕಟ್ಟಡದ ಪ್ರತಿ ಮನೆಯದೂ? ನಂಬರ್ ಸಮೇತ? ಜನರ ಕಾಲು ಹಿಡಿದ್ರೂ ಕೊಡಲ್ಲ ಕಣ್ರೀ ಇದನ್ನ! ಈಗಲೇ ಹಚ್ಚಿ. ಆ ಅಂಗೈಯಗಲದ ಹೊಸ ಯಂತ್ರದಲ್ಲಿ ಹಾಕಿದ್ರೆ ಸಂಜೆ ಒಳಗೆ ಬಂದುಬಿಡತ್ತೆ."

"ಮೇಡಂ, ಕಣ್ಣು ಎಳೀತಿದೆ..."

"ಆ ಮಕ್ಕಳ ಮುಖ ಒಂದ್ಸಲ ನೆನೆಸ್ಕೊಳ್ಳಿ."

ನೆನೆಸಿಕೊಂಡ. ಕೈಗವಸು ಹಾಕಿಕೊಂಡ.

ಸಂಜೆಯ ಹೊತ್ತಿಗೆ ಪರದೆಯ ಮೇಲೆ ಸಾಲುಗಳು ಮೂಡತೊಡಗಿದವು. ಮೊದಲ ಡಬ್ಬಿಯಲ್ಲಿ ವಾರ್ಡಿನ ಕ್ರಿಮಿಯೇ ಇತ್ತು. ಔಷಧಿಗೆ ಬಗ್ಗದ ಅವೇ ಗುಣಗಳು, ಅದೇ ಜಾಗದಲ್ಲಿ ಅವೇ ತಪ್ಪುಗಳು. ಲ್ಯಾಬಣ್ಣನ ನಿದ್ದೆ ಹಾರಿತು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ. ಕೊನೆಯ ಡಬ್ಬಿಯವರೆಗೆ ಒಂದಕ್ಷರ ಆಚೀಚೆಯಿಲ್ಲ. ರಿಬ್ಬನ್ ಕಟ್ಟಿದ್ದರಲ್ಲೂ ಅಷ್ಟೇ, ಅವನ ಸ್ವಂತ ಮನೆಯದರಲ್ಲೂ ಅಷ್ಟೇ.

ಅವನು ಸಾಲುಗಳನ್ನು ಮತ್ತೆ ಮೇಲಿನಿಂದ ಓದಿದ. ಒಂದೇ ವಂಶದ ಕ್ರಿಮಿಯಾದರೂ ಬೇರೆ ಬೇರೆ ಹೊಟ್ಟೆ ಸೇರಿದ ಮೇಲೆ ಎಲ್ಲೋ ಒಂದೆರಡು ಅಕ್ಷರವಾದರೂ ಬದಲಾಗಬೇಕು. ನಿದ್ದೆಗಣ್ಣಲ್ಲಿ ಒಂದೇ ಡಬ್ಬಿಯದನ್ನು ಎಲ್ಲ ನಳಿಕೆಗೂ ಸುರಿದೆನೇ? ಹಾಗಾಗಿದ್ದರೆ ಇಷ್ಟು ವರ್ಷದ ಹೆಸರು ನೀರಿನಲ್ಲಿ ಹೋಮ ಮಾಡಿದಂತೆ. ಇನ್ನೊಮ್ಮೆ ಮೊದಲಿನಿಂದ ಮಾಡಿ ನೋಡೋಣ ಎಂದು ಅವನು ಏಳುವಷ್ಟರಲ್ಲಿ ಮೇಡಂ ಹಿಂದೆ ನಿಂತು ಪರದೆ ಓದಿಯಾಗಿತ್ತು.

"ಅಯ್ಯೋ ದೇವರೇ! ಇಡೀ ಕಟ್ಟಡಾನಾ?"

"ಸ್ವಲ್ಪ ತಡೀರಿ ಮೇಡಂ, ನನ್ನ ಕೈತಪ್ಪು ಇರಬಹುದು..."

"ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಕೈ ತಪ್ಪಿದ್ದೀರಾ ನೀವು?" ಎಂದು ಮೇಡಂ ಫೋನು ಎತ್ತಿಕೊಂಡರು. ಹೊಗಳಿಕೆ ಹೊಟ್ಟೆಗೆ ಇರಿದದ್ದು ಅವನಿಗೆ ಅದೇ ಮೊದಲು.

ಕತ್ತಲಾಗುವ ಮೊದಲೇ ಕಟ್ಟಡದ ಅಂಗಳದಲ್ಲಿ ಇಲಾಖೆಯ ವ್ಯಾನುಗಳು ನಿಂತಿದ್ದವು. ಮುಖ ಮುಚ್ಚಿಕೊಂಡ ಸಿಬ್ಬಂದಿ ಗೇಟಿಗೆ ಹಗ್ಗ ಕಟ್ಟುತ್ತಿದ್ದರು. ನಿವಾಸಿಗಳೆಲ್ಲ ಕೆಳಗಿಳಿದು ಸೇರಿದರು. ಮೇಡಂ ಪಕ್ಕದಲ್ಲಿ ಲ್ಯಾಬಣ್ಣ ಹರಕೆಯ ಕುರಿಯಂತೆ ನಿಂತಿದ್ದ.

"ನಿಮ್ಮಲ್ಲಿ ಒಂದು ಮನೆಯೂ ಬಿಟ್ಟಿಲ್ಲ," ಎಂದರು ಮೇಡಂ. "ಎಲ್ಲ ಡಬ್ಬೀಲೂ ಅದೇ ಕ್ರಿಮಿ. ನಾವು ಹೇಳೋ ತನಕ ಯಾರೂ ಹೊರಗೆ ಕಾಲಿಡೋ ಹಾಗಿಲ್ಲ."

ಎಲ್ಲರೂ ಲ್ಯಾಬಣ್ಣನ ಕಡೆ ತಿರುಗಿದರು.

"ಮನೆಮುರುಕ! ಉಂಡ ಮನೆಗೆ ಎರಡು ಬಗೆದ!"

"ನಾಳೆ ನನ್ನ ಅಂಗಡಿಗೆ ಯಾರು ಬರ್ತಾರೆ?" ಎಂದು ಟೈಲರ್ ಕೂಗಿದ. "ಸುಳ್ಳು ಕಣ್ರೀ ಇದು! ನಮ್ಮನೇಲಿ ಕ್ರಿಮಿ ಇರೋಕೆ ಸಾಧ್ಯಾನೇ ಇಲ್ಲ. ಡಬ್ಬೀಲಿ ಇದ್ದಿದ್ದು ನಮ್ದಲ್ಲವೇ ಅಲ್ಲ!"

ಮಾತು ಬಾಯಿಂದ ಜಾರಿದ ಮೇಲೆ ಅವನು ಬಾಯಿ ಮುಚ್ಚಿಕೊಂಡ.

"ನಿಮ್ದಲ್ವಾ?" ಹೆಡ್‌ಮಿಸ್ ಗದರಿದರು. "ಬೇರೆಯವ್ರದ್ದು ತಂದಿಟ್ಟೆಯಾ? ನಾಚಿಕೆ ಆಗಲ್ವಾ ನಿಂಗೆ?"

"ನಾಚಿಕೆ ವಿಷಯ ನೀವು ಹೇಳ್ಬೇಡಿ ಮಿಸ್! ನಿಮ್ಮನೆ ಮೊದಲನೇ ಮಹಡೀಲಿ. ಡಬ್ಬಿನ ಶಾಲಲ್ಲಿ ಮುಚ್ಕೊಂಡು ಕೊನೇ ಮಹಡಿಯಿಂದ ಯಾಕೆ ಇಳೀತಿದ್ರಿ?"

ಹೆಡ್‌ಮಿಸ್ ಮುಖ ಕೆಂಪಾಯಿತು. ಮೂಲೆಮನೆಯವಳು ಮೆಲ್ಲನೆ ಹಿಂದಕ್ಕೆ ಸರಿದಳು. ಕೆಳಗಿನ ಮನೆಯವರು ತಮ್ಮ ಚಪ್ಪಲಿಯನ್ನೇ ನೋಡುತ್ತಾ ನಿಂತರು. ಆಗ ಗುಂಪಿನ ಹಿಂದಿನಿಂದ, ಎದೆ ಸೆಟೆದುಕೊಂಡು, ಉಕ್ಕಿನ ಮೇಷ್ಟ್ರು ಮುಂದೆ ಬಂದರು.

"ಯಾಕೆ ಜಗಳ? ಎಲ್ಲಾ ನಂದೇ."

"ಏನು ನಿಮ್ದು?" ಎಂದರು ಮೇಡಂ.

"ಡಬ್ಬೀಲಿರೋದು. ಪಾಪ, ಒಬ್ಬೊಬ್ಬರೇ ಗುಟ್ಟಾಗಿ ಬಂದು, 'ಮೇಷ್ಟ್ರೇ, ನಿಮ್ಮಷ್ಟು ಆರೋಗ್ಯವಂತರು ಯಾರೂ ಇಲ್ಲ, ಮಾನ ಉಳಿಸಿ' ಅಂದ್ರು. ಇದ್ದವ್ರು ಇಲ್ಲದವ್ರಿಗೆ ಕೊಡ್ಬೇಕು. ನನ್ನ ಆರೋಗ್ಯ ನಾನೊಬ್ನೇ ಇಟ್ಕೊಂಡು ಏನ್ಮಾಡ್ಲಿ?"

ಲ್ಯಾಬಣ್ಣ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. "ನಮ್ಮನೆ ಡಬ್ಬೀನೂ?"

"ಮತ್ತಿನ್ನೇನು? ನೀವು ಕುರ್ಚೀಲಿ ತೂಕಡಿಸ್ತಿದ್ರಿ. ನಿದ್ದೆಯಿಂದ ಎಬ್ಬಿಸಿ ಕೇಳೋಕೆ ಅದೇನು ಕೈಸಾಲಾನಾ?"

ಮೇಡಂ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೈಯಲ್ಲಿ ಇಷ್ಟು ಕ್ರಿಮಿ ಹೊತ್ತೂ ಕಂಬದ ಹಾಗೆ ನಿಂತಿದ್ದ ಮನುಷ್ಯ! "ನೀವು ಯಾವುದಾದ್ರೂ ಔಷಧಿ ತಗೋತಿದ್ದೀರಾ?"

"ಔಷಧೀನಾ? ರೋಗ ಇದ್ರೆ ತಾನೇ! ದಿನಾ ಬೆಳಿಗ್ಗೆ ಅರ್ಧ ಮಾತ್ರೆ, ರೋಗ ಬರಬಾರದು ಅಂತ, ಅಷ್ಟೇ. ಇವರೆಲ್ಲ ಡಾಕ್ಟರು ಬರೆದಿದ್ದನ್ನ ಅರ್ಧ ನುಂಗಿ ಬಿಡ್ತಾರಲ್ಲ, ಮಿಕ್ಕಿದ್ದನ್ನ ನಾನು ಇಸ್ಕೋತೀನಿ. ಒಂದು ದಿನ ಕೆಂಪು, ಒಂದು ದಿನ ಬಿಳಿ. ಆಮೇಲೆ ತಾರಸೀಗೆ ಹೋಗಿ ಎಲ್ಲರಿಗೂ ರಸ ಹಿಂಡ್ತೀನಿ. ಬರಿಗೈಲೇ. ಯಂತ್ರದಲ್ಲಿ ಹಿಂಡಿದ್ರೆ ಸತ್ವ ಹೋಗತ್ತೆ."

ಅಂಗಳದಲ್ಲಿದ್ದ ಎಲ್ಲರ ಕೈಯೂ ಒಟ್ಟಿಗೆ ಹೊಟ್ಟೆಗೆ ಹೋಯಿತು.

ಲ್ಯಾಬಣ್ಣನಿಗೆ ಅಳುವಷ್ಟು ಸಮಾಧಾನವಾಯಿತು. ಅವನ ಕೈ ತಪ್ಪಿರಲಿಲ್ಲ, ಯಂತ್ರವೂ ತಪ್ಪಿರಲಿಲ್ಲ. ಒಬ್ಬರದ್ದನ್ನೇ ಹಂಚಿಕೊಂಡರೆ ಅಕ್ಷರ ಹೇಗೆ ಬದಲಾದೀತು? ಎಲ್ಲ ಔಷಧಿಯನ್ನೂ ರುಚಿ ನೋಡಿ ಬಲಿತ ಕ್ರಿಮಿ ಯಾವ ಗರಡಿಯಲ್ಲಿ ತಯಾರಾಯಿತು ಎಂಬುದೂ ಗೊತ್ತಾಗಿತ್ತು. ಮೇಷ್ಟ್ರನ್ನು ಸಿಬ್ಬಂದಿ ಗೌರವದಿಂದಲೇ ವ್ಯಾನು ಹತ್ತಿಸಿದರು. ಅವರು ಕಿಟಕಿಯಿಂದ ಕೈಬೀಸಿ, ನಾಳೆಯ ಕಸರತ್ತನ್ನು ಯಾರೂ ತಪ್ಪಿಸಬಾರದು ಎಂದು ಹೇಳಿಹೋದರು.

"ಶಹಬ್ಬಾಸ್ ಕಣ್ರೀ," ಎಂದು ಮೇಡಂ ಲ್ಯಾಬಣ್ಣನ ಬೆನ್ನು ತಟ್ಟಿದರು.

"ಹಾಗಾದ್ರೆ ನಾನು ಹೋಗಿ ಮಲಗ್ಲಾ ಮೇಡಂ?"

"ಮಲಗೋದಾ? ಬಂದ ಡಬ್ಬಿ ಎಲ್ಲಾ ಮೇಷ್ಟ್ರದು. ಆ ರಸ ಕುಡಿದ ಇವರಲ್ಲಿ ಯಾರ ಹೊಟ್ಟೇಲಿ ಏನಿದೆ ಅಂತ ಇನ್ನೂ ಗೊತ್ತೇ ಇಲ್ಲವಲ್ಲ. ಮೊದಲಿಂದ ತಗೋಬೇಕು. ಈ ಜನಾನ ನಂಬೋ ಹಾಗಿಲ್ಲ, ನೀವೇ ಪ್ರತಿ ಮನೆ ಬಚ್ಚಲ ಬಾಗಿಲಲ್ಲಿ ನಿಂತು, ಕಣ್ಣಾರೆ ನೋಡಿ, ಕೈಯಾರೆ ಇಸ್ಕೊಳ್ಳಿ. ನೀವೂ ಹೊರಗೆ ಹೋಗೋ ಹಾಗಿಲ್ಲ, ಒಳ್ಳೇದೇ ಆಯ್ತು."

ಮೇಡಂ ವ್ಯಾನು ಹತ್ತಿದರು. ಲ್ಯಾಬಣ್ಣನ ಸುತ್ತ ನಿವಾಸಿಗಳು ಸೇರಿಕೊಂಡರು. ಅವರಲ್ಲಿ ಈಗ ಸಿಟ್ಟಿರಲಿಲ್ಲ, ಸಹಕಾರ ತುಂಬಿ ತುಳುಕುತ್ತಿತ್ತು.

"ನಂದು ಹಕ್ಕಿ ಕೂಗೋಕ್ಕೂ ಮುಂಚೇನಪ್ಪಾ, ಹೊತ್ತಿಗೆ ಸರಿಯಾಗಿ ಬಾ, ನಾನು ಕಾಯಲ್ಲ," ಎಂದರು ಹೆಡ್‌ಮಿಸ್.

"ನಮ್ಮೆಜಮಾನ್ರಿಗೆ ಪೇಪರ್ ಪೂರ್ತಿ ಓದಿ ಆಗ್ಬೇಕು," ಎಂದಳು ಮೂಲೆಮನೆಯವಳು.

ಟೈಲರ್ ಅವನ ಭುಜದ ಮೇಲೆ ಕೈಯಿಟ್ಟು, ಕಿವಿಯ ಬಳಿ ಬಗ್ಗಿದ. "ನಮ್ದೆಲ್ಲಾ ಸಲೀಸು ಅಣ್ಣಾ, ಅದಕ್ಕೇನೂ ಯೋಚ್ನೆ ಇಲ್ಲ. ನಮ್ಮಮ್ಮಂದು ಮಾತ್ರ ಹೇಳಕ್ಕಾಗಲ್ಲ. ನಾಲ್ಕು ದಿನಕ್ಕೊಂದ್ಸಲ, ಅದೂ ಮನಸ್ಸಾದ್ರೆ. ಬಾಗಿಲ ಹತ್ರ ಒಂದು ಸ್ಟೂಲ್ ಹಾಕಿಸ್ತೀನಿ, ಕೂತಿರಿ."