ಮೂರಕ್ಕೆ ಔಟ್, ನಾಲ್ಕನೇದು ಕೊಸರು

ಊರಿಗೆ ಗೊತ್ತಿಲ್ಲದ ಆಟ ಕಟ್ಟಿಕೊಂಡವನಿಗೆ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗಿಲ್ಲ. ವಾರ ವಾರ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನಲ್ಲಿ ನಮ್ಮದೊಂದು ಬೇಸ್‌ಬಾಲ್ ಕ್ಲಬ್ ಇತ್ತು. ದೊಡ್ಡ ಟೀಮ್ ತುಮಕೂರಿನಲ್ಲಿ, ಮರಿ ಟೀಮ್‌ಗಳು ಗುಬ್ಬಿಯಲ್ಲೊಂದು, ಕುಣಿಗಲ್‌ನಲ್ಲೊಂದು. ಸ್ಕೂಲಿನಲ್ಲಿ ಪಿ.ಟಿ. ಮೇಷ್ಟರಾಗಿದ್ದ ನನಗೆ ಭಾನುವಾರ ಬಂದರೆ ಒಂದೇ ಕೆಲಸ. ಸ್ಕೂಟರ್ ಹತ್ತಿ ಹೋಗಿ, ಮರಿಗಳಲ್ಲಿ ಯಾರು ಎಷ್ಟು ಬಲಿತಿದ್ದಾರೆ ಎಂದು ನೋಡಿ ಬಂದು ಕ್ಲಬ್ ಸೆಕ್ರೆಟರಿಗೆ ಹೇಳುವುದು. ಸೆಕ್ರೆಟರಿ ಹಾರ್ಡ್‌ವೇರ್ ಅಂಗಡಿಯವರು, ಒಂದು ಮೊಳೆಯನ್ನೂ ಹೆಚ್ಚಿಗೆ ಕೊಡದ ಕೈ.

ಆಟ ಕಷ್ಟದ್ದೇನಲ್ಲ. ಚೆಂಡು ಹೊಡೆದು, ನಾಲ್ಕು ಮೂಲೆಯ ನಾಲ್ಕು ಬೇಸ್ ಮುಟ್ಟಿಕೊಂಡು ಸುತ್ತಿ ಬಂದರೆ ಒಂದು ರನ್. ಓಡುವವನಿಗಿಂತ ಮೊದಲು ಚೆಂಡು ಬೇಸ್‌ಗೆ ಬಂದರೆ ಔಟ್. ಮೂರು ಸಲ ಬೀಸಿಯೂ ಚೆಂಡು ತಾಗದಿದ್ದರೆ ಅದೂ ಔಟ್.

ಲಾರಿ ಇರೋ ಕಡೆ

ಗುಬ್ಬಿ ಟೀಮ್‌ನಲ್ಲಿ ನಿಟ್ಟೂರಿನ ಹುಡುಗನೊಬ್ಬನಿದ್ದ. ಅವನ ಕೈಗೆ ಬಂದ ಚೆಂಡು ಕೆಳಗೆ ಬಿದ್ದದ್ದನ್ನು ನಾನು ನೋಡಿಲ್ಲ. ಎಂಥ ಕೈ ಅದು, ಈಗಲೂ ನೆನೆದರೆ ಖುಷಿಯಾಗುತ್ತದೆ. ಆದರೆ ಹಿಡಿದ ಮರುಗಳಿಗೆಯೇ ಅದನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆದುಬಿಡುತ್ತಿದ್ದ, ತಿರುಗಿ ಸಹ ನೋಡದೆ. ಹಿಂದೆ ನೋಡಿದರೆ ಬರೀ ಬಯಲು. ಎದುರು ಟೀಮ್‌ನವರು ಆರಾಮಾಗಿ ಸುತ್ತಿ ಬರುತ್ತಿದ್ದರು.

"ಏನ್ಲಾ, ಹಿಂದಕ್ಕೆ ಯಾಕ್ಲಾ ಎಸೀತೀಯ?" ಎಂದೆ.

"ಅಭ್ಯಾಸ ಸಾ. ತೆಂಗಿನಕಾಯಿ ಲೋಡ್ ಮಾಡ್ತೀನಲ್ಲ, ರಾಶಿಯಿಂದ ಬಂದಿದ್ದನ್ನ ಹಿಡಿದು ಹಿಂದಕ್ಕೆ ದಾಟಿಸ್ಬೇಕು."

"ಇಲ್ಲಿ ಹಿಂದೆ ಯಾರಿದಾರೋ?"

"ಅದೇ ಸಾ ನಾನೂ ಕೇಳೋದು. ಲಾರಿ ಮೇಲೆ ನನ್ ಹಿಂದೆ ನಿಂತು ಹಿಡಿಯೋನ್ನ ನೀವು ಬೆಂಚ್ ಮೇಲೆ ಕೂರ್ಸಿದೀರ."

ನಿಜವೇ. ಅವನ ಜೊತೆಗಾರ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಿದ್ದ. ಬ್ಯಾಟಿಂಗ್ ಬರುವುದಿಲ್ಲ ಎಂದು ನಾನೇ ಕೂರಿಸಿದ್ದೆ. ಇವನನ್ನು ಎರಡನೇ ಬೇಸ್‌ನ ಮುಂದಕ್ಕೆ ಸರಿಸಿ, ಜೊತೆಗಾರನನ್ನು ಎಬ್ಬಿಸಿ ಇವನ ಹಿಂದೆ ಆ ಬೇಸ್ ಮೇಲೆ ನಿಲ್ಲಿಸಿದೆವು. ಅಭ್ಯಾಸ ಬಿಡಿಸುವುದಕ್ಕಿಂತ ಲಾರಿ ತಂದು ನಿಲ್ಲಿಸುವುದೇ ಸುಲಭವಾಯಿತು.

ಓಡಿ ಎಲ್ಲಿಗೆ ಹೋಗ್ತಾರೆ?

ನಿಟ್ಟೂರಿನ ಹುಡುಗನ ತಾಯಿಗೆ ಈ ಆಟದ ಮೇಲೆ ನಂಬಿಕೆ ಇರಲಿಲ್ಲ. ಮಗನನ್ನು ಬಿಡಿಸಿಬಿಡುತ್ತಾರೆ ಎಂದು ಕೇಳಿ, ಸಮಾಧಾನ ಮಾಡಲು ನಿಟ್ಟೂರಿಗೆ ಹೋದೆ. ಆಕೆ ಕಾಯಿ ಸುಲಿಯುತ್ತಲೇ ವಿಚಾರಣೆ ಶುರು ಮಾಡಿದರು.

"ಹೊಡೆದ್ಮೇಲೆ ಓಡ್ತಾರಂತಲ್ಲ, ಎಲ್ಲಿಗೆ?"

"ಒಂದನೇ ಬೇಸ್‌ಗೆ ಕಣಮ್ಮ. ಆಮೇಲೆ ಎರಡು, ಮೂರು."

"ಆಮೇಲೆ?"

"ಹೊರಟ ಜಾಗಕ್ಕೇ ವಾಪಸ್ ಬರ್ಬೇಕು."

ಆಕೆ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲೇ ನಿಂತಿದ್ರೆ ಆಯ್ತಿರ್ಲಿಲ್ವಾ ಸಾ?"

ಮೇಷ್ಟರಾಗಿ ಅಷ್ಟು ವರ್ಷ ಮಕ್ಕಳ ಬಾಯಿ ಮುಚ್ಚಿಸಿದವನು ನಾನು. ಅವತ್ತು ಆಕೆ ಕೊಟ್ಟ ಮಜ್ಜಿಗೆ ಕುಡಿದು ಎದ್ದೆ. ಹೊರಡುವಾಗ ಆಕೆ ಖಡಾಖಂಡಿತವಾಗಿ ಹೇಳಿದರು: "ಮುಂದಿನ ಸಲ ಕಾಯಿ ಕೀಳೋದ್ರೊಳಗೆ ದೊಡ್ಡ ಟೀಮ್‌ಗೆ ಹಾಕ್ಕಳಿ. ಇಲ್ದಿದ್ರೆ ಗುಬ್ಬೀಲಿ ಅವ್ನ ಮಾವನ ಪಂಕ್ಚರ್ ಅಂಗಡಿಗೆ ಬುಡ್ತೀನಿ. ಅಲ್ಲಿ ಸುತ್ತೋದೇನಿದ್ರೂ ಗಾಡಿ ಚಕ್ರ."

ಕುಣಿಗಲ್ ಅಂಪೈರ್

ಕುಣಿಗಲ್‌ನಲ್ಲಿ ಅಂಪೈರ್ ಆಗಿದ್ದವರು ಸಂತೆಯಲ್ಲಿ ತರಕಾರಿ ಮಾರುವ ಹಿರಿಯರು. ಪಕ್ಷಪಾತ ಎನ್ನುವುದು ಅವರ ಹತ್ತಿರವೂ ಸುಳಿಯದು. ಅಲ್ಲಿನ ಟೀಮ್‌ನಲ್ಲಿ ಗಟ್ಟಿ ತೋಳಿನ ಬ್ಯಾಟ್ಸ್‌ಮನ್ ಒಬ್ಬನಿದ್ದ. ನಾನು ನೋಡುತ್ತಿದ್ದಂತೆಯೇ ಮೂರು ಸಲ ಬೀಸಿದ, ಮೂರೂ ಗಾಳಿಗೆ. ಔಟಾದ ಎಂದುಕೊಂಡರೆ ಅಂಪೈರ್ ಇನ್ನೊಂದು ಚೆಂಡು ಹಾಕಿಸಿದರು. ಅದನ್ನು ಅವನು ಕೆರೆ ಏರಿ ದಾಟಿಸಿ ನೀರಿಗೇ ಕಳಿಸಿದ.

ನಾನು ಓಡಿಹೋಗಿ, "ಮೂರಕ್ಕೇ ಔಟ್ ಅಲ್ವಾ ಯಜಮಾನ್ರೇ?" ಎಂದೆ.

"ಮೂರು ಲೆಕ್ಕದ್ದು ಸಾ. ನಾಲ್ಕನೇದು ಕೊಸರು."

"ಆಟದಲ್ಲೂ ಕೊಸರು ಉಂಟಾ?"

"ಒಂದ್ ಕಟ್ಟು ಸೊಪ್ಪು ತಗೊಂಡೋರ್ಗೂ ಎರಡು ಮೆಣಸಿನಕಾಯಿ ಹಾಕಿ ಕಳಿಸ್ತೀನಿ. ಇಷ್ಟು ದೊಡ್ಡ ಹುಡುಗನ್ನ ಬರೀ ಕೈಲಿ ಕಳಿಸೋಕೆ ಮನಸ್ಸು ಬರ್ತದಾ?"

ಎರಡೂ ಟೀಮ್‌ಗೆ ಸಮನಾಗಿ ಕೊಡುತ್ತಿದ್ದರಿಂದ ಯಾರೂ ತಕರಾರು ಎತ್ತಿರಲಿಲ್ಲ. ಆ ಬ್ಯಾಟ್ಸ್‌ಮನ್ ಮಾತ್ರ ಆಮೇಲೆ ನನ್ನ ಕಿವಿಯಲ್ಲಿ ಹೇಳಿದ: "ಮೊದಲ ಮೂರು ಸುಮ್ನೆ ಮೈ ಬಿಸಿ ಮಾಡ್ಕೊಳೋಕೆ ಸಾ."

ತುಮಕೂರಿನ ಮ್ಯಾಚ್

ಕಾಯಿ ಕೀಳುವ ಕಾಲ ಹತ್ತಿರ ಬಂತು. ದೊಡ್ಡ ಟೀಮ್‌ನಲ್ಲಿ ಒಂದು ಜಾಗ ಖಾಲಿಯಾಯಿತು. ಯಾರನ್ನು ಹಾಕಿಕೊಳ್ಳುವುದು ಎಂದು ನೋಡಲು ಸೆಕ್ರೆಟರಿ ತುಮಕೂರಿನಲ್ಲೇ ಗುಬ್ಬಿಗೂ ಕುಣಿಗಲ್‌ಗೂ ಮ್ಯಾಚ್ ಇಟ್ಟರು. ನಿಟ್ಟೂರಿನವನ ತಾಯಿ ಬಸ್ಸಿನಲ್ಲಿ ಬಂದು ಮುಂದಿನ ಸಾಲಿನಲ್ಲೇ ಕೂತರು. ಅಂಪೈರ್ ಅದೇ ತರಕಾರಿ ಯಜಮಾನರು.

ಕೊನೆಯ ಸರದಿ. ಗುಬ್ಬಿಗೆ ಒಂದು ರನ್ ಮುನ್ನಡೆ. ಕುಣಿಗಲ್‌ನ ಓಟಗಾರನೊಬ್ಬ ಒಂದನೇ ಬೇಸ್‌ನಲ್ಲಿದ್ದ. ಬ್ಯಾಟ್ ಹಿಡಿದವನು ಅದೇ ಗಟ್ಟಿ ತೋಳಿನವನು. ಇನ್ನೊಬ್ಬ ಔಟಾದರೆ ಆಟ ಮುಗಿಯುತ್ತದೆ. ಮೂರು ಸಲ ಬೀಸಿದ, ಮೂರೂ ತಪ್ಪಿತು. ಗುಬ್ಬಿಯವರು ಕುಣಿಯಲು ಶುರು ಮಾಡಿದರು.

"ಇರ್ರಪ್ಪಾ, ಕೊಸರಿದೆ," ಎಂದರು ಅಂಪೈರ್.

ನಾಲ್ಕನೇ ಚೆಂಡನ್ನು ಅವನು ಬಾರಿಸಿದ ಹೊಡೆತಕ್ಕೆ ಸೆಕ್ರೆಟರಿ ಎದ್ದು ನಿಂತರು. ನೆಲಕ್ಕೆ ಪುಟಿದು ಬುಸ್ಸೆಂದು ಬಂದ ಚೆಂಡನ್ನು ನಿಟ್ಟೂರಿನವನು ಒಂದೇ ಕೈಯಲ್ಲಿ ಬಾಚಿಕೊಂಡ. ಒಂದನೇ ಬೇಸ್‌ನವನು ಆಗಲೇ ಅವನ ಬೆನ್ನ ಹಿಂದೆ ಎರಡನೇ ಬೇಸ್ ಕಡೆ ಓಡುತ್ತಿದ್ದ. ನಮ್ಮವನು ತಿರುಗಲಿಲ್ಲ, ನೋಡಲಿಲ್ಲ. ಭುಜದ ಮೇಲಿಂದ ಚೆಂಡು ಹಿಂದಕ್ಕೆ ಹೋಯಿತು. ಲಾರಿಯ ಜೊತೆಗಾರ ಬೇಸ್ ಮೇಲೆ ನಿಂತು ಕಾಯಿ ಹಿಡಿದ ಹಾಗೆ ಹಿಡಿದ. ಓಟಗಾರ ಇನ್ನೂ ಎರಡು ಮಾರು ದೂರದಲ್ಲಿದ್ದ.

ಅಷ್ಟು ಚೆಂದದ ಔಟ್ ನಾನು ಮತ್ತೆ ಕಂಡಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಸೆಕ್ರೆಟರಿ ನೇರ ತಾಯಿಯ ಹತ್ತಿರ ಹೋಗಿ, "ನಿಮ್ಮ ಮಗನ್ನ ದೊಡ್ಡ ಟೀಮ್‌ಗೆ ತಗೊಂಡ್ವಿ ಕಣಮ್ಮ," ಎಂದರು.

ಆಕೆಯ ಮುಖ ಅರಳಿತು. ಎದ್ದು ಸೆರಗು ಸರಿಮಾಡಿಕೊಂಡು, ಮೈದಾನದಲ್ಲಿ ಒಬ್ಬನೇ ನಿಂತಿದ್ದ ಜೊತೆಗಾರನನ್ನು ರಟ್ಟೆ ಹಿಡಿದು ಕರೆತಂದು ಸೆಕ್ರೆಟರಿಯ ಮುಂದೆ ನಿಲ್ಲಿಸಿದರು.

"ತಗಳಿ ಸಾ, ಇವ್ನೂ."

"ಇವನ್ಯಾಕಮ್ಮ? ತಗೊಂಡಿದ್ದು ಒಬ್ಬನ್ನ."

"ಅವ್ನು ಲೆಕ್ಕಕ್ಕೆ. ಇವ್ನು ಕೊಸರು."

ಅಂಪೈರ್ ದೂರದಿಂದಲೇ ತಲೆದೂಗಿದರು. ಸೆಕ್ರೆಟರಿ ತಡವರಿಸಿದರು. "ಅಲ್ಲಮ್ಮ, ಟೀಮ್‌ನಲ್ಲಿ ಇರೋದೇ ಒಂದು ಜಾಗ."

"ಕೊಸರಿಗೆ ಯಾರಾದ್ರೂ ಜಾಗ ನೋಡ್ತಾರಾ ಸಾ? ಸಂದೀಲಿ ತೂರ್ಸಿ."